ಆಷಾಢದಲ್ಲಿ ಒಂದು ಪೂರ್ತಿ ತೋಡಿ

ಗುಬ್ಬಿ

ನಮ್ಮ ಕಸುಬಿನವರು ದೇಶ ಸುತ್ತಬೇಕಾದರೆ ಆಷಾಢದಲ್ಲೇ ಸುತ್ತಬೇಕು. ಆ ಒಂದು ತಿಂಗಳು ಯಾರೂ ಮದುವೆ ಮಾಡುವುದಿಲ್ಲ, ಯಾರೂ ಓಲಗದವರನ್ನು ಕರೆಯುವುದಿಲ್ಲ. ಉಳಿದ ಕಾಲವೆಲ್ಲ ನಾನು ಗುಬ್ಬಿ, ತುಮಕೂರು, ಕುಣಿಗಲ್ ಈ ಮೂರರ ನಡುವಿನ ಕಲ್ಯಾಣ ಮಂಟಪಗಳಲ್ಲಿ ನಾದಸ್ವರ ಊದಿಕೊಂಡು ಇರುವವನು. ಆಷಾಢ ಬಂತೆಂದರೆ ಮನೆಯಲ್ಲಿ ಕಾಲು ಚಾಚಿ ಮಲಗುವುದು ನನ್ನ ಪದ್ಧತಿ. ಈ ಸಲ ಮಲಗಲಿಲ್ಲ, ಪೋರ್ಚುಗಲ್ ದೇಶಕ್ಕೆ ಹೋಗಿ ಬಂದೆ. ಬಂದ ಮೇಲೆ ಸಿಕ್ಕವರೆಲ್ಲ "ಹೆಂಗಿತ್ತು?" ಅನ್ನುತ್ತಾರೆ. ಸುಸ್ತಾಗಿತ್ತು ಅನ್ನುತ್ತೇನೆ. ಅಷ್ಟಕ್ಕೆ ಯಾರಿಗೂ ಸಮಾಧಾನವಾಗುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೋದದ್ದು ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ನನಗೆ ತೋಡಿ ರಾಗವನ್ನು ಬೈದು ಬಡಿದು ಕಲಿಸಿದರು. ಕೆಳಗಿನಿಂದ ಶುರುಮಾಡಿ, ಒಂದೊಂದು ಸ್ವರದ ಮನೆಯಲ್ಲೂ ಕೂತು ಎದ್ದು, ಮೇಲೆ ಹತ್ತಿ, ಅಲ್ಲಿಂದ ತಿರುಗಿ ಇಳಿದು ಷಡ್ಜಕ್ಕೆ ಬಂದು ಸೇರಬೇಕಾದರೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಮಂಟಪದ ಮೂಲೆಯಲ್ಲಿ ಕೂತು ತೋಡಿ ಹಿಡಿದಿರುತ್ತೇನೆ, ಸ್ವಲ್ಪ ಮೇಲಕ್ಕೆ ಹತ್ತಿರುತ್ತೇನೆ, ಅಷ್ಟರಲ್ಲಿ ಪುರೋಹಿತರು ಕೈ ಎತ್ತಿ ಬೆರಳು ಅಲ್ಲಾಡಿಸುತ್ತಾರೆ. ಹಿಂದಿನಿಂದ ಹತ್ತು ಜನ "ಗಟ್ಟಿಮೇಳ, ಗಟ್ಟಿಮೇಳ!" ಅಂತ ಕೂಗುತ್ತಾರೆ. ತಾಳಿ ಕಟ್ಟುವಾಗ ಯಾರ ಸೀನೂ ಯಾರ ಕೆಟ್ಟ ಮಾತೂ ಕಿವಿಗೆ ಬೀಳಬಾರದಲ್ಲ, ಅದಕ್ಕೆ ಡೋಲು ನಾದಸ್ವರ ಎರಡೂ ಸೇರಿ ಚಾವಣಿ ಹಾರಿಹೋಗುವಂತೆ ಬಾರಿಸಬೇಕು. ಬಾರಿಸುತ್ತೇವೆ. ಆಮೇಲೆ ಎಲೆ ಹಾಕುತ್ತಾರೆ, ಯಾರೋ ಬಂದು ಸಿನಿಮಾ ಹಾಡು ಊದಿ ಅನ್ನುತ್ತಾರೆ. ತೋಡಿ ಎಲ್ಲಿ ನಿಂತಿತ್ತೋ ಅಲ್ಲೇ ಉಳಿಯುತ್ತದೆ.

ಡೋಲು ಬಾರಿಸುವವನು ನನ್ನ ಬಾಮೈದ, ಕುಣಿಗಲ್ ತಾಲ್ಲೂಕು ಕೊತ್ತಗೆರೆಯ ರೇವಣ್ಣ. ಅವನ ಕಣ್ಣು ಸದಾ ಪುರೋಹಿತರ ಬೆರಳಿನ ಮೇಲೆ. ಬೆರಳು ಎದ್ದದ್ದೇ ತಡ, ಅವನ ಕೋಲು ಡೋಲಿನ ಮೇಲೆ ಬಿದ್ದಿರುತ್ತದೆ. ಮುಹೂರ್ತ ತಪ್ಪಿಸದ ಡೋಲು ಅಂತ ಆ ಸೀಮೆಯಲ್ಲೆಲ್ಲ ಅವನಿಗೆ ಹೆಸರಿದೆ. ಅವನು ಕೆಟ್ಟವನಲ್ಲ. ಆದರೆ ನನ್ನ ತೋಡಿಯನ್ನು ಪ್ರತಿ ಸಲ ಕತ್ತರಿಸಿದ್ದು ಅವನ ಕೈಯೇ.

ಹೋದ ಮಾಘದಲ್ಲಿ ತುಮಕೂರಿನ ಒಂದು ಮದುವೆಗೆ ಮಾರ್ತಾ ಎಂಬ ಪೋರ್ಚುಗಲ್‌ನ ಹೆಂಗಸು ಬಂದಿದ್ದರು. ಎಲ್ಲರೂ ತಿಂಡಿಗೆ ಓಡಿದಾಗ ಅವರೊಬ್ಬರೇ ನಮ್ಮೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗಟ್ಟಿಮೇಳ ಆಯಿತು, ತಾಳಿ ಕಟ್ಟಿದರು, ಅಕ್ಷತೆ ಬಿತ್ತು. ಆಕೆ ಎದ್ದು ಬಂದು ಏನೋ ಕೇಳಿದರು. ಮದುವೆಗೆ ಬಂದಿದ್ದ ಬೆಳ್ಳಾವಿಯ ಶ್ರೀಕಂಠಯ್ಯ ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವರು, ಸಂಗೀತದ ಹುಚ್ಚಿನವರು. ಅವರು ನನಗೆ ಹೇಳಿದರು: "ನಂಜುಂಡಣ್ಣ, ಮಧ್ಯದಲ್ಲಿ ನಿಲ್ಲಿಸಿಬಿಟ್ರಲ್ಲ, ಅದರ ಮುಂದೆ ಏನಿತ್ತು ಅಂತ ಕೇಳ್ತಾವ್ರೆ ಆಯಮ್ಮ."

ಅಲ್ಲಾ, ಹುಟ್ಟಿದ ಊರಲ್ಲಿ ಯಾರೂ ಕೇಳದಿದ್ದ ಮಾತನ್ನು ಎಲ್ಲಿಂದಲೋ ಬಂದವರು ಕೇಳಿದರಲ್ಲ! ಮಾರ್ತಾ ತಮ್ಮ ದೇಶದಲ್ಲಿ ಪ್ರತಿ ವರ್ಷ ಶಾಸ್ತ್ರೀಯ ಸಂಗೀತದ ಉತ್ಸವ ನಡೆಸುವವರ ಪೈಕಿ. ಈ ವರ್ಷ ಬರೀ ಊದುವವರದ್ದು ಮತ್ತು ಹಾಡುವವರದ್ದು, ಬೇರೆ ಬೇರೆ ದೇಶದವರು, ಹಳೇ ಚರ್ಚುಗಳಲ್ಲಿ. ಬರುತ್ತೀರಾ ಅಂದರು. ನನ್ನ ಮುಂದಿನ ಮೇಲುಹಲ್ಲು ಆಗಲೇ ಅಲ್ಲಾಡುತ್ತಿತ್ತು. ತುಮಕೂರಿನ ಹಲ್ಲಿನ ಡಾಕ್ಟರು ಕೀಳಲೇಬೇಕು ಅಂದಿದ್ದರು. ಕಿತ್ತರೆ ತುಟಿಗೆ ಆಸರೆ ತಪ್ಪುತ್ತದೆ, ಮೊದಲಿನ ಹಾಗೆ ಊದುವುದು ಅನುಮಾನ. ಹಲ್ಲು ಇರುವಾಗಲೇ ಒಂದು ಸಲ, ಒಂದೇ ಸಲ, ತೋಡಿಯನ್ನು ತಲೆಯಿಂದ ಕಾಲಿನವರೆಗೆ ಊದಿ ಮುಗಿಸಬೇಕು ಅಂತ ಒಪ್ಪಿಕೊಂಡೆ.

ಏನು ನುಡಿಸುತ್ತೀರಿ, ಎಷ್ಟು ನಿಮಿಷ ಅಂತ ಆಮೇಲೆ ಅವರಿಂದ ಮೇಲ್ ಬಂತು. ಮೇಷ್ಟ್ರು "ಏನ್ ಬರೀಲಿ?" ಅಂದರು.

"ತೋಡಿ."

"ಅದೊಂದೇನಾ?"

"ಅದೊಂದು ಸಾಲಲ್ವಾ? ಮುಗಿಯೋವರ್ಗೂ ಅಂತ ಬರೀರಿ."

ಮೇಷ್ಟ್ರು ಅವರೇ ಏನೋ ಒಂದು ಲೆಕ್ಕ ಹಾಕಿ ಬರೆದರು. ಶ್ರುತಿ ಪೆಟ್ಟಿಗೆ ಹಿಡಿಯುವುದಕ್ಕೂ ಮಾತಾಡುವುದಕ್ಕೂ ಅವರೂ ಹೊರಟರು.

ಶಿರಾ ಗೇಟ್, ಮತ್ತೆ ವಿಮಾನ

ತುಮಕೂರಿನ ಶಿರಾ ಗೇಟ್‌ನಲ್ಲಿ ಡೋಲು ಹಿಡಿಸುವಂಥ ಬ್ಯಾಗು ಸಿಗಲಿಲ್ಲ. ನಾಲ್ಕು ಅಂಗಡಿ ತಿರುಗಿ ಕಡೆಗೆ ಡೋಲಿಗೆ ಎರಡು ಕಂಬಳಿ ಸುತ್ತಿ, ಗೋಣಿಪಟ್ಟೆ ಹೊಲಿಸಿ, ಮೇಲೆ ರೇವಣ್ಣನ ಹೆಸರು ಬರೆಸಿದೆವು. ಅದನ್ನು ನೋಡಿದ ಟ್ಯಾಕ್ಸಿಯವನು "ಹಲಸಿನ ಹಣ್ಣಾ ಸಾರ್?" ಅಂತ ಕೇಳಿದ. ನನಗೆ ಜಗಳಕ್ಕೆ ಶಕ್ತಿ ಇರಲಿಲ್ಲ, ಹೂಂ ಅಂದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರೇವಣ್ಣನ ಜೇಬು ತಪಾಸಣೆ ಮಾಡಿದವರು ಬೆಚ್ಚಿಬಿದ್ದರು. ಡೋಲಿನ ಬಲಗಡೆ ಬಾರಿಸುವಾಗ ಬೆರಳಿಗೆ ಹಾಕುವ ಗಟ್ಟಿ ಕವಚಗಳು ಅದರಲ್ಲಿದ್ದವು. ಒಣಗಿ ಹಳದಿಯಾಗಿ, ಯಾರದೋ ಬೆರಳನ್ನೇ ಕತ್ತರಿಸಿ ಇಟ್ಟುಕೊಂಡ ಹಾಗೆ ಕಾಣುತ್ತವೆ.

"ಏನ್ರೀ ಇದು?"

"ಬೆರಳಿಗೆ ಹಾಕೋದು ಸಾರ್. ವಾಲಗದೋರು ನಾವು."

"ಫಾರಿನ್ನಲ್ಲಿ ಯಾರ ಮದುವೆ?"

"ಮದುವೆ ಇಲ್ಲ ಸಾರ್," ಅಂದ ರೇವಣ್ಣ, ತನಗೇ ನಂಬಿಕೆ ಇಲ್ಲದವನ ಹಾಗೆ. "ಸುಮ್ನೆ ಕೂತ್ಕಂಡು ಕೇಳ್ತಾರಂತೆ."

ಆ ಅಧಿಕಾರಿಯೂ ನಂಬಲಿಲ್ಲ. ಹೇಗೋ ಬಿಟ್ಟರು.

ವಿಮಾನದಲ್ಲಿ ನನ್ನ ಮಂಡಿ ಮುಂದಿನ ಸೀಟಿಗೆ ತಾಗಿಕೊಂಡೇ ಇತ್ತು. ಸೊಂಟ ಹಿಡಿದು, ಕಿವಿ ಕಟ್ಟಿ, ಹಲ್ಲು ಜುಂ ಅನ್ನುತ್ತಿತ್ತು. ಹೊರಡುವ ಮುಂಚೆ ಗಗನಸಖಿ ನಡುದಾರಿಯಲ್ಲಿ ನಿಂತು, ಅಪಾಯವಾದರೆ ಯಾವ ಬಾಗಿಲಲ್ಲಿ ಇಳಿಯಬೇಕು ಅಂತ ತೋರಿಸಲು ಕೈ ಎತ್ತಿ ಬೆರಳು ಚಾಚಿದಳು. ನನ್ನ ಪಕ್ಕದಲ್ಲಿ ಪಟಾರ್ ಅಂತ ಸದ್ದಾಯಿತು. ನೋಡಿದರೆ ರೇವಣ್ಣನ ಕೈ ಅವನ ತೊಡೆಯ ಮೇಲೆ ಬಿದ್ದಿದೆ. ಅವನೂ ನಕ್ಕ, ನಾನೂ ನಕ್ಕೆ, ಮೇಷ್ಟ್ರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಕೊಕ್ಕರೆಗಳ ಊರು

ನಾವು ಇಳಿದುಕೊಂಡ ಊರು ದೊಡ್ಡದೇನಲ್ಲ, ಗುಬ್ಬಿಯಷ್ಟೇ ಇರಬಹುದು. ಮನೆಗಳಿಗೆಲ್ಲ ಬಿಳೀ ಸುಣ್ಣ, ಬೀದಿಗೆಲ್ಲ ಕಲ್ಲು. ಆ ಕಲ್ಲುಗಳು ಸವೆದು ನುಣುಪಾಗಿ, ಚಪ್ಪಲಿ ಹಾಕಿಕೊಂಡು ನಡೆದರೆ ಜಾರುತ್ತವೆ. ಮೇಷ್ಟ್ರು ಮೊದಲ ದಿನವೇ ಜಾರಿ ಕೂತರು. ಚರ್ಚಿನ ಗೋಪುರದ ತುದಿಯಲ್ಲಿ ಕೊಕ್ಕರೆಗಳು ಮಂಕರಿಯಂಥ ಗೂಡು ಕಟ್ಟಿಕೊಂಡು ಒಂಟಿಕಾಲಲ್ಲಿ ನಿಂತಿರುತ್ತವೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೇಮರ ತುಂಬ ಕೊಕ್ಕರೆ ನೋಡಿದ ನಮಗೆ ಅದೊಂದೇ ಪರಿಚಯದ ಮುಖ. ರೇವಣ್ಣ ದಿನಾ ಬೆಳಿಗ್ಗೆ ಅವುಗಳನ್ನು ನೋಡಿ "ಎದ್ರೇನವ್ವಾ?" ಅಂತ ವಿಚಾರಿಸಿಕೊಳ್ಳುತ್ತಿದ್ದ.

ಬಿಸಿಲು ಅಂದರೆ ಬಿಸಿಲು. ನಮ್ಮ ಏಪ್ರಿಲ್ ಅದರ ಮುಂದೆ ತಂಪು. ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿ ಮಲಗುತ್ತದೆ, ಅಂಗಡಿಯೂ ಮಲಗುತ್ತದೆ. ಸಂಜೆ ಎಂಟಾದರೂ ಸೂರ್ಯ ಮುಳುಗುವುದಿಲ್ಲ. ಊಟಕ್ಕೆ ಎಲ್ಲದರಲ್ಲೂ ಉಪ್ಪುಮೀನು. ರೇವಣ್ಣ ಆರಾಮಾಗಿ ತಿಂದ. ಮೇಷ್ಟ್ರು ಆಲೂಗಡ್ಡೆ, ಬ್ರೆಡ್ಡು, ಮತ್ತೆ ಆಲೂಗಡ್ಡೆ ತಿಂದು ಮುಖ ಸಣ್ಣಗೆ ಮಾಡಿಕೊಂಡರು. ಕಾಫಿಯನ್ನು ಉದ್ಧರಣೆಯಲ್ಲಿ ತೀರ್ಥ ಕೊಟ್ಟಷ್ಟೇ ಕೊಡುತ್ತಾರೆ, ಕಷಾಯದ ಹಾಗೆ ಕಹಿ. ಗಂಡಸು ಹೆಂಗಸು ಅನ್ನದೆ ಸಿಕ್ಕಾಗಲೆಲ್ಲ ಎರಡು ಕೆನ್ನೆಗೂ ಮುತ್ತು ಕೊಡುವುದು ಅಲ್ಲಿನ ರೂಢಿ. ಮಾರ್ತಾ ಕೆನ್ನೆ ಮುಂದೆ ತಂದಾಗ ರೇವಣ್ಣ ಎರಡು ಹೆಜ್ಜೆ ಹಿಂದೆ ಹೋಗಿ ಕೈಮುಗಿದುಬಿಟ್ಟ. ಮನೆಗೆ ಫೋನು ಮಾಡಿದಾಗ ಇದನ್ನು ಹೇಳಿದೆ. ನನ್ನ ಹೆಂಡತಿ "ನೀವೆಷ್ಟು ಹೆಜ್ಜೆ ಹಿಂದಕ್ಕೋದ್ರಿ, ಅದ್ ಹೇಳ್ರಿ ಮೊದ್ಲು" ಅಂದಳು.

ಉತ್ಸವಕ್ಕೆ ಬಂದವರೆಲ್ಲ ಒಂದೇ ಹೋಟೆಲಿನಲ್ಲಿ ಇಳಿದಿದ್ದರು. ಜಪಾನಿನ ಒಬ್ಬರು ದಪ್ಪ ಬಿದಿರಿನ ಕೊಳಲಿನವರು, ತುರ್ಕಿಯಿಂದ ಜೊಂಡಿನ ಕೊಳಲಿನವರು, ಯಾವ ವಾದ್ಯವೂ ಇಲ್ಲದೆ ಬಾಯಲ್ಲೇ ಹಳೇ ಪ್ರಾರ್ಥನೆ ಹಾಡುವ ಎಂಟು ಜನ ಗಂಡಸರು, ಕೊಂಬು ಕಹಳೆಯಂಥ ಹಿತ್ತಾಳೆ ವಾದ್ಯದವರು. ಅವರ ಕಚೇರಿಗಳನ್ನು ಹೋಗಿ ಕೇಳಿದೆವು. ಜಪಾನಿನವರು ಒಂದು ಸ್ವರ ಊದಿ, ನಿಲ್ಲಿಸಿ, ಸುಮ್ಮನೆ ಕೂತುಬಿಡುತ್ತಿದ್ದರು. ಜನ ಆ ಸುಮ್ಮನಿರುವುದನ್ನೂ ಕೇಳುತ್ತಿದ್ದರು. "ಕರೆಂಟ್ ಹೋಯ್ತಾ ಭಾವ?" ಅಂದ ರೇವಣ್ಣ ನನ್ನ ಕಿವಿಯಲ್ಲಿ. ಆ ಎಂಟು ಜನ ಹಾಡಿದಾಗ ಮಾತ್ರ ಅವನು ಮಾತಾಡಲಿಲ್ಲ. ಶ್ರುತಿ ಅಂದರೆ ಅದು! ಒಬ್ಬರ ಉಸಿರು ಮುಗಿಯುವುದರೊಳಗೆ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು.

ಉತ್ಸವದ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೂ ಅವರು ನುಡಿಸುವ ಕೃತಿಗಳ ಹೆಸರು ಅರ್ಧ ಪುಟ, ಒಂದೊಂದಕ್ಕೂ ಎಷ್ಟು ನಿಮಿಷ ಅಂತ ಪಕ್ಕದಲ್ಲೇ ಅಚ್ಚಾಗಿತ್ತು. ನೂರಾರು ವರ್ಷದ ಹಿಂದೆ ಯಾರೋ ಬರೆದಿಟ್ಟದ್ದನ್ನು ಅವರು ಒಂದು ಚುಕ್ಕಿಯೂ ಬಿಡದೆ ಹಾಗೇ ನುಡಿಸುತ್ತಾರೆ. ನಮ್ಮ ಹೆಸರಿನ ಕೆಳಗೆ ತೋಡಿ ಅಂತ ಒಂದೇ ಮಾತು, ಪಕ್ಕದಲ್ಲಿ ಮೇಷ್ಟ್ರು ಹಾಕಿದ ನಿಮಿಷದ ಲೆಕ್ಕ, ಅದರ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗ ನೋಡಿ ನನಗೆ ಭಯವಾಯಿತು.

ಸೀವಾಳಿ

ಬಿಸಿಲಿಗೆ ನನ್ನ ಒಳ್ಳೆಯ ಸೀವಾಳಿ ಸೀಳಿತು. ಸೀವಾಳಿ ಅಂದರೆ ನಾದಸ್ವರದ ತುದಿಯಲ್ಲಿ ಬಾಯಿಗಿಟ್ಟು ಊದುವ ಪೀಪಿ, ನಾದವೆಲ್ಲ ಅದರದ್ದೇ. ತಂದಿದ್ದ ಇನ್ನೂ ಮೂರು ಒಣಗಿ ಸದ್ದೇ ಕೊಡುತ್ತಿರಲಿಲ್ಲ. ಹೋಟೆಲಿನ ಅಂಗಳದಲ್ಲಿ ಕೂತು ಒಂದೊಂದನ್ನೇ ನೆನೆಸಿ, ತುಟಿಯಲ್ಲಿ ಒತ್ತಿ, ಬೈದುಕೊಳ್ಳುತ್ತಿದ್ದೆ. ಎದುರಿಗೆ ನರೆತ ಕೂದಲಿನ ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸಣ್ಣ ಚಾಕುವಿನಿಂದ ಏನನ್ನೋ ಹೆರೆಯುತ್ತ ಅವರ ಭಾಷೆಯಲ್ಲಿ ಬೈದುಕೊಳ್ಳುತ್ತಿದ್ದರು. ನೋಡಿದರೆ ಅದೂ ಪೀಪಿ! ಉಲ್ರಿಕ ಅಂತ ಅವರ ಹೆಸರು, ಜರ್ಮನಿಯವರು, ಓಬೋ ಎಂಬ ವಾದ್ಯದವರು. ನಮ್ಮ ನಾದಸ್ವರಕ್ಕೆ ದೂರದ ಸಂಬಂಧಿ ಅನ್ನಬಹುದು, ಆದರೆ ಮೆದು ಮಾತಿನದು.

ಅವರು ನನ್ನ ಸೀಳಿದ ಸೀವಾಳಿಯನ್ನು ಕೈಗೆ ತೆಗೆದುಕೊಂಡು ತಲೆ ಅಲ್ಲಾಡಿಸಿದರು. ಆಮೇಲೆ ತಮ್ಮ ಪೆಟ್ಟಿಗೆ ತೋರಿಸಿದರು. ಒಳಗೆ ಒದ್ದೆ ಬಟ್ಟೆಯ ತುಂಡಿಟ್ಟು ಪೀಪಿಗಳನ್ನು ತಂಪಾಗಿಡುತ್ತಾರೆ. ನಾನೂ ಒಂದು ಸೋಪಿನ ಡಬ್ಬಿ ತೊಳೆದು ಹಾಗೇ ಮಾಡಿದೆ. ಮಾರನೆಯ ದಿನಕ್ಕೆ ಒಂದು ಸೀವಾಳಿ ಸದ್ದು ಕೊಟ್ಟಿತು.

ಮೇಷ್ಟ್ರು ನಡುವೆ ಕೂತು ಮಾತು ದಾಟಿಸಿದರು. ಉಲ್ರಿಕ ವರ್ಷವೆಲ್ಲ ದೊಡ್ಡ ವಾದ್ಯಗೋಷ್ಠಿಯಲ್ಲಿ ನುಡಿಸುವವರು. ತಮ್ಮ ಸರದಿ ಬರುವ ತನಕ ಎಣಿಸಿಕೊಂಡು ಕೂತಿರುತ್ತಾರಂತೆ, ಬಂದರೆ ಕೆಲವು ಸ್ವರ, ಮತ್ತೆ ಎಣಿಕೆ. "ನಾನು ಊದಿದ್ದಕ್ಕಿಂತ ಕಾದಿದ್ದೇ ಜಾಸ್ತಿ ಅಂತಾವ್ರೆ" ಅಂದರು ಮೇಷ್ಟ್ರು. ನಾನು ಹೇಳಿದೆ: "ನಂದು ಮುಗಿಸಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಅಂತ ಹೇಳಿ." ಆಕೆ ಕೇಳಿಸಿಕೊಂಡು ಚಾಕು ಒರೆಸಿ ಪೆಟ್ಟಿಗೆಗೆ ಹಾಕಿದರು. ಊರು ಯಾವುದಾದರೂ ಊದುವವರ ಸೊಂಟ ನೋವು ಒಂದೇ ಅಂತ ಆಮೇಲೆ ಗೊತ್ತಾಯಿತು, ಇಬ್ಬರೂ ಏಳುವಾಗ ಒಂದೇ ಸಮ ಅಯ್ಯಪ್ಪಾ ಅಂದೆವು.

ಮೊದಲ ಸಂಜೆ

ಚರ್ಚಿನ ಒಳಗೆ ತಂಪಿತ್ತು. ಹೊರಗೆ ಇನ್ನೂ ಬೆಳಕಿತ್ತು. ಜನ ತುಂಬಿದ್ದರು, ಆದರೆ ಒಬ್ಬರೂ ಕೆಮ್ಮುತ್ತಿರಲಿಲ್ಲ. ಮಗು ಅಳುವುದಿಲ್ಲ, ಪಾತ್ರೆ ಬೀಳುವುದಿಲ್ಲ, "ಫೋಟೋಗೆ ಬನ್ರಪ್ಪಾ" ಅಂತ ಕೂಗುವವರಿಲ್ಲ. ಗದ್ದಲದ ಮೇಲೆ ಊದಿ ಅಭ್ಯಾಸವಾದವನಿಗೆ ಕಾಲಡಿಯ ನೆಲ ತೆಗೆದ ಹಾಗಾಯಿತು. ಯಾರಾದರೂ ಒಂದು ಚೊಂಬು ಬೀಳಿಸಬಾರದೇ ಅಂದುಕೊಂಡು ಶುರುಮಾಡಿದೆ.

ಮೊದಲು ಉಸಿರು ನಡುಗಿತು. ಆಮೇಲೆ ಕಲ್ಲಿನ ಗೋಡೆಗಳು ನನ್ನ ಸ್ವರವನ್ನು ಹಿಡಿದು ವಾಪಸ್ ಕೊಡತೊಡಗಿದವು. ಗಾಂಧಾರಕ್ಕೆ ಬಂದೆ. ಅಪ್ಪ ಬೆತ್ತ ಹಿಡಿದು ಕೂರುತ್ತಿದ್ದ ಗಾಂಧಾರ. ಅಲ್ಲಿ ಬೇಕಾದಷ್ಟು ಹೊತ್ತು ಇದ್ದೆ. ಯಾರೂ ಏಳು ಅನ್ನಲಿಲ್ಲ. ರೇವಣ್ಣ ಅಲ್ಲೊಂದು ಇಲ್ಲೊಂದು ಮೆತ್ತಗೆ ಬೆರಳಾಡಿಸುತ್ತಿದ್ದ. ಮೇಲಕ್ಕೆ ಹತ್ತಿದೆ, ಮಂಟಪಗಳಲ್ಲಿ ನನ್ನನ್ನು ನಿಲ್ಲಿಸುತ್ತಿದ್ದ ಜಾಗ ದಾಟುವುದರಲ್ಲಿದ್ದೆ.

ಪಕ್ಕದ ಬಾಗಿಲಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡ ಉತ್ಸವದ ಹುಡುಗನೊಬ್ಬ ಕಾವಲು ನಿಂತಿದ್ದ. ತಡವಾಗಿ ಬಂದ ಗಂಡ ಹೆಂಡತಿ ಒಳಕ್ಕೆ ಹೆಜ್ಜೆ ಇಟ್ಟರು. ನುಡಿಸುತ್ತಿರುವಾಗ ಯಾರನ್ನೂ ಒಳಗೆ ಬಿಡುವುದಿಲ್ಲ ಅಲ್ಲಿ. ಅವನು ಅವರ ಕಡೆ ಕೈ ಎತ್ತಿ, ತಡೀರಿ ಅಂತ ಬೆರಳು ಅಲ್ಲಾಡಿಸಿದ.

ರೇವಣ್ಣನ ಕೋಲು ಬಿತ್ತು. ಗಟ್ಟಿಮೇಳ!

ಆ ಚರ್ಚು ಕಟ್ಟಿದ ಮೇಲೆ ಅಷ್ಟು ದೊಡ್ಡ ಸದ್ದು ಅದರೊಳಗೆ ಆಗಿರಲಿಕ್ಕಿಲ್ಲ. ಮುಂದಿನ ಸಾಲಿನವರು ಕುರ್ಚಿಯಿಂದ ಎದ್ದೇಬಿಟ್ಟರು. ಮೇಷ್ಟ್ರ ಕೈಯಿಂದ ಶ್ರುತಿ ಪೆಟ್ಟಿಗೆ ಜಾರಿತು. ನಾವಿಬ್ಬರೂ ಪೂರ್ತಿ ಗಟ್ಟಿಮೇಳ ಹೊಡೆದು, ತಾಳಿ ಕಟ್ಟುವಷ್ಟು ಹೊತ್ತು ಬಾರಿಸಿ, ಪದ್ಧತಿಯಂತೆ ನಿಲ್ಲಿಸಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಲ್ಲಿಸಲೇ ಇಲ್ಲ. ಇದೇ ಮುಕ್ತಾಯ ಅಂದುಕೊಂಡಿದ್ದರು. ಅಷ್ಟು ಚಪ್ಪಾಳೆ ಆದಮೇಲೆ ಮತ್ತೆ ಹೋಗಿ ಮೆಟ್ಟಿಲ ಮಧ್ಯದಿಂದ ತೋಡಿ ಹತ್ತುವುದು ಹೇಗೆ? ಉಳಿದ ಹೊತ್ತನ್ನು ಎರಡು ದೇವರನಾಮ, ಒಂದು ಲಾಲಿ ಊದಿ ತುಂಬಿಸಿದೆ. ಎಲ್ಲರೂ ಬಂದು ಕೈ ಕುಲುಕಿದರು. ಮಾರ್ತಾ ಕಡೆಯಲ್ಲಿ ಬಂದರು. ಅವರು ತುಮಕೂರಿನಲ್ಲಿ ಆ ಸದ್ದು ಕೇಳಿದ್ದವರಲ್ಲವೇ, ಅವರಿಗೆ ಗೊತ್ತಾಗಿತ್ತು. ಮೆತ್ತಗೆ ಅದೇ ಮಾತು ಕೇಳಿದರು, ಅದರ ಮುಂದೆ ಏನಿತ್ತು ಅಂತ. ಮೇಷ್ಟ್ರು ಕನ್ನಡಕ್ಕೆ ತರುವ ಅಗತ್ಯವಿರಲಿಲ್ಲ. ನನಗೆ ಅಳು ಬಂತು, ಬೆವರು ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡೆ.

ಕಲ್ಲುಬೆಂಚು

ಮಾರನೆಯ ಬೆಳಿಗ್ಗೆ ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ರೇವಣ್ಣ ಎರಡು ತೀರ್ಥದ ಲೋಟ ಕಾಫಿ ಹಿಡಿದುಕೊಂಡು ಬಂದು ಸ್ವಲ್ಪ ದೂರದಲ್ಲಿ ನಿಂತ. ಹಿಂದಿನ ಸಂಜೆಯಿಂದ ನಾನು ಅವನ ಜತೆ ಮಾತಾಡಿರಲಿಲ್ಲ.

"ಬೈರಿ ಭಾವ. ಸುಮ್ಕಿರಬ್ಯಾಡಿ."

"ಏನಂತ ಬೈಲಿ? ಕಣ್ಣು ಕಾಣಲ್ವೇನ್ಲಾ ನಿಂಗೆ? ಅಲ್ಲಿ ಪುರೋಹಿತ ಇದ್ನಾ? ಹೆಣ್ಣಿತ್ತಾ? ತಾಳಿ ಇತ್ತಾ?"

"ಬೆರಳಿತ್ತಲ್ಲ ಭಾವ."

ಬೆರಳಿತ್ತು, ನಿಜ.

"ಅದೊಂದು ರಾಗಕ್ಕೋಸ್ಕರ ಸಮುದ್ರ ದಾಟಿ ಬಂದೆ ಕಣೋ ನಾನು. ಹಲ್ಲು ನೋವು ನುಂಗ್ಕೊಂಡು ಬಂದೆ."

ಅವನು ತಲೆ ತಗ್ಗಿಸಿದ. ಆಮೇಲೆ, ಹೇಳಲೋ ಬೇಡವೋ ಅನ್ನುವ ಹಾಗೆ ಹೇಳಿದ: "ನಂದು ತಪ್ಪೇ ಭಾವ. ಆದ್ರೆ ನಾನ್ ಮೊದಲ್ನೇ ಏಟು ಹಾಕ್ದೆ ಅಷ್ಟೇಯ. ಎರಡ್ನೇ ಏಟಿಗೆ ನೀವೇ ಮುಂದಿದ್ರಿ."

ಕೋಪ ನೆತ್ತಿಗೇರಿತು. ಆದರೆ ಸುಳ್ಳಾ ಅದು? ಡೋಲು ಕೇಳಿಸಿದ ಕೂಡಲೇ ನನ್ನ ತುಟಿ ತೋಡಿಯನ್ನು ಅಲ್ಲೇ ಉಗಿದು ಗಟ್ಟಿಮೇಳಕ್ಕೆ ಹಾರಿತ್ತು. ನಿಲ್ಲಿಸಬಹುದಿತ್ತು, ತಡಿಯೋ ಅನ್ನಬಹುದಿತ್ತು. ಅಂಥದ್ದೊಂದು ದಾರಿ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಅವನ ಕೈ ಹೇಗೋ ನನ್ನ ಬಾಯಿಯೂ ಹಾಗೆಯೇ ಪಳಗಿತ್ತು. ಕಾಫಿ ಇಸಿದುಕೊಂಡೆ.

ಉಲ್ರಿಕ ಬಂದು ಪಕ್ಕದಲ್ಲಿ ಕೂತರು. ಆ ದೊಡ್ಡ ಸದ್ದು ಏನು ಅಂತ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ತಾಳಿ, ಸೀನು, ಬೆರಳು ಎಲ್ಲ ವಿವರಿಸಿದರು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಹಾಗಾದರೆ ನಿನ್ನೆ ಯಾರ ಮದುವೆ ಆಯಿತು?" ಅಂದರು. ತಡವಾಗಿ ಬಂದ ಆ ಗಂಡ ಹೆಂಡತಿಗೇ ಇನ್ನೊಂದು ಸಲ ಆಯಿತೇನೋ ಅಂತ ರೇವಣ್ಣ ಹೇಳಿಸಿದ. ನಗು ಬರಬಾರದು ಅಂತಿದ್ದೆ, ಬಂದುಬಿಟ್ಟಿತು.

ಇನ್ನೊಂದು ಕಚೇರಿ ಬಾಕಿ ಇತ್ತು, ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ. ರೇವಣ್ಣ ತಾನು ಬರುವುದಿಲ್ಲ, ಶ್ರುತಿಯೊಂದು ಸಾಕು ಅಂದ. ಡೋಲಿಲ್ಲದೆ ನಾದಸ್ವರ ಊದುವುದು ನನ್ನಿಂದಾಗದು, ಹೆಗಲ ಮೇಲೆ ಟವಲಿಲ್ಲದೆ ಮಂಟಪಕ್ಕೆ ಹೋದ ಹಾಗಿರುತ್ತದೆ. ಆಗ ಅವನೇ ಉಪಾಯ ಹೇಳಿದ. ನಾನು ಬೇಡ ಅಂದೆ, ಮೇಷ್ಟ್ರು ಬೇಡ ಅಂದರು. ಅವನು ಕೇಳಲಿಲ್ಲ.

ಬೆಟ್ಟದ ಮೇಲಿನ ಚರ್ಚು

ರೇವಣ್ಣ ಕಣ್ಣಿಗೆ ಟವಲು ಕಟ್ಟಿಕೊಂಡು ಡೋಲಿನ ಮುಂದೆ ಕೂತ. ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದ್ದು ನಾನೇ. ಕಣ್ಣು ಮುಚ್ಚಿಕೊಂಡರೆ ಸಾಲದೇನ್ಲಾ ಅಂದರೆ, "ನನ್ನ ಕಣ್ಣು ನಂಬಂಗಿಲ್ಲ ಭಾವ, ಅದು ತೆರ್ಕತದೆ" ಅಂದ. ಜನ ಫೋಟೋ ತೆಗೆದುಕೊಂಡರು. ಯಾವುದೋ ಹಳೆಯ ಶಾಸ್ತ್ರವಿರಬೇಕು ಅಂತ ಗೌರವದಿಂದ ನೋಡುತ್ತಿದ್ದರು. ಮೇಷ್ಟ್ರು ಅದನ್ನು ತಿದ್ದಲು ಹೋಗಲಿಲ್ಲ. ಚ್ಚು, ಅವರಿಗೂ ಸಾಕಾಗಿತ್ತು.

ಸಣ್ಣ ಚರ್ಚು, ಮರದ ಬೆಂಚುಗಳು. ಮಾರ್ತಾ ಬೆಂಚು ಬಿಟ್ಟು ತುಮಕೂರಿನಲ್ಲಿ ಕೂತಂತೆ ನೆಲದ ಮೇಲೆ ಕೂತರು. ಹಿಂದೆ ಉಲ್ರಿಕ, ಜಪಾನಿನವರು, ಆ ಎಂಟು ಜನ. ನಾನು ಆಗಲೇ ದಣಿದಿದ್ದೆ. ಬೆಟ್ಟ ಹತ್ತುವ ಬಸ್ಸಿನಲ್ಲಿ ತಲೆ ಸುತ್ತಿತ್ತು, ಹಲ್ಲು ಬಾಯಲ್ಲಿ ಗೆಜ್ಜೆಯ ಹಾಗೆ ಆಡುತ್ತಿತ್ತು. ಬಹುಶಃ ಅದೇ ಒಳ್ಳೆಯದಾಯಿತು. ಮೆರೆಯುವುದಕ್ಕೆ ಶಕ್ತಿಯೇ ಇರಲಿಲ್ಲ, ನಿಧಾನಕ್ಕೆ ಕೆಳಗಿನಿಂದ ಹೊರಟೆ.

ಗಾಂಧಾರ ಆಯಿತು. ಮೇಲಕ್ಕೆ ಹೋದೆ. ನಿಲ್ಲಿಸುವ ಜಾಗ ಬಂತು, ಹೋಯಿತು. ಅದನ್ನು ದಾಟಿದ ಮೇಲೆ ನನಗೆ ದಾರಿ ಗೊತ್ತಿಲ್ಲ ಅನ್ನಿಸಿಬಿಟ್ಟಿತು, ಅಷ್ಟು ವರ್ಷವಾಗಿತ್ತು ಆ ಕಡೆ ಹೋಗಿ. ಮನೆಯಲ್ಲಿ ಸಾಧನೆ ಮಾಡುವುದು ಬೇರೆ, ನಾಲ್ಕು ಜನರ ಮುಂದೆ ಅಲ್ಲಿ ನಿಲ್ಲುವುದು ಬೇರೆ. ಆದರೆ ಬೆರಳುಗಳಿಗೆ ಗೊತ್ತಿತ್ತು. ತಾರಸ್ಥಾಯಿಗೆ ಹೋಗಿ ನಿಂತೆ. ಹಲ್ಲು ತಡೆಯಿತು. ಅಲ್ಲಿಂದ ಇಳಿಯುವ ದಾರಿ ಅಪ್ಪನಿಗೆ ಬಹಳ ಇಷ್ಟವಾದದ್ದು. ಹತ್ತುವುದು ಯಾರು ಬೇಕಾದರೂ ಹತ್ತುತ್ತಾರೆ, ಇಳಿಯುವಾಗ ಅವಸರ ಮಾಡಬೇಡ ಅನ್ನುತ್ತಿದ್ದರು. ಮಾಡಲಿಲ್ಲ. ಒಂದೊಂದು ಮನೆಗೂ ಹೇಳಿ ಹೊರಟು ಷಡ್ಜಕ್ಕೆ ಬಂದು ಕೂತೆ. ತೋಡಿ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಯಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ರೇವಣ್ಣನಿಗೂ ತಿಳಿಯಲಿಲ್ಲ, ಕೈ ಡೋಲಿನ ಮೇಲಿಟ್ಟುಕೊಂಡು ಹಾಗೇ ಕೂತಿದ್ದ. ಮಂಡಿಯಿಂದ ತಿವಿದೆ. ಅವನು ಟವಲು ಬಿಚ್ಚಿದ. ಟವಲು ಒದ್ದೆಯಾಗಿತ್ತು. ಅಷ್ಟು ಜನರ ಮುಂದೆ, ನಾವಿಬ್ಬರೇ ಇದ್ದೇವೆ ಅನ್ನುವ ಹಾಗೆ ಅವನು ಕೇಳಿದ: "ಮುಗೀತಾ ಭಾವ?"

"ಮುಗೀತು ಕಣೋ."

"ಇದ್ರೊಳಗೆ ಇಷ್ಟೆಲ್ಲಾ ಇತ್ತಾ?"

ಅವನು ಹುಡುಗನಾಗಿದ್ದಾಗಿನಿಂದ ನನ್ನ ಪಕ್ಕದಲ್ಲಿ ಕೂತವನು. ನನ್ನ ಊಟ, ನನ್ನ ಜ್ವರ, ನನ್ನ ಸಾಲುಸಾಲು ಬೈಗುಳ ಎಲ್ಲ ಬಲ್ಲವನು. ಅವನೇ ಇದನ್ನು ಕೇಳಿರಲಿಲ್ಲ. ನನಗೆ ಮುಗಿಸುವುದಕ್ಕೆ ಆಗಲಿಲ್ಲ ಅಂತ ಇಷ್ಟು ದಿನ ಕೊರಗಿದೆ, ಪಕ್ಕದವನಿಗೂ ಕೇಳುವುದಕ್ಕೆ ಆಗಲಿಲ್ಲ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಮಾರ್ತಾ ಮೊದಲು ಚಪ್ಪಾಳೆ ತಟ್ಟಿದರು, ಬಾಕಿಯವರು ಸೇರಿಕೊಂಡರು.

ಖುಷಿಯಾಯಿತಾ ಅಂದರೆ, ಆಯಿತು. ಆದರೆ ಅದಕ್ಕಿಂತ ಮೊದಲು ಹಸಿವಾಯಿತು. ಅನ್ನ ಸಾರು ಇದ್ದಿದ್ದರೆ ಅಲ್ಲೇ ಕೂತು ಉಂಡು ಮಲಗಿಬಿಡುತ್ತಿದ್ದೆ.

ಮತ್ತೆ ಶಿರಾ ಗೇಟ್

ವಾಪಸ್ ಬಂದು ಹಲ್ಲು ಕೀಳಿಸೋಣ ಅಂತಿದ್ದೆ, ಶ್ರಾವಣದ ಮೊದಲ ಮುಹೂರ್ತ ಬಂದೇಬಿಟ್ಟಿತು. ಶಿರಾ ಗೇಟ್ ಹತ್ತಿರದ ಮಂಟಪ. ಅದೇ ಮೂಲೆ, ಅದೇ ಜಮಖಾನ, ತಲೆಯ ಮೇಲೆ ಗರಗರ ಅನ್ನುವ ಅದೇ ಫ್ಯಾನು. ಮಕ್ಕಳು ಬಲೂನು ಒಡೆಯುತ್ತಿದ್ದರು, ಹೊರಗೆ ಲಾರಿಗಳ ಹಾರನ್ನು. ನನಗೆ ಹಾಯೆನಿಸಿತು. ವಿಮಾನದ ಆಯಾಸ ಇನ್ನೂ ಮೈಯಿಂದ ಇಳಿದಿರಲಿಲ್ಲ. ತೋಡಿ ಹಿಡಿದೆ, ಎಷ್ಟು ಸಿಕ್ಕರೆ ಅಷ್ಟು ಅಂತ.

ಗಾಂಧಾರ ಮುಗಿಸಿ ಮೇಲೆ ಹೊರಟಿದ್ದೆ. ಪುರೋಹಿತರು ಕೈ ಎತ್ತಿ ಬೆರಳು ಅಲ್ಲಾಡಿಸಿದರು. ನನ್ನ ತುಟಿ ಗಟ್ಟಿಮೇಳಕ್ಕೆ ಸಿದ್ಧವಾಯಿತು. ಡೋಲು ಕೇಳಿಸಲಿಲ್ಲ. ಓರೆಗಣ್ಣಲ್ಲಿ ನೋಡಿದೆ. ರೇವಣ್ಣನ ಕೋಲು ಮೇಲೆದ್ದು ನಿಂತಿದೆ, ಅವನ ಕಣ್ಣು ಬೆರಳಿನ ಮೇಲಿಲ್ಲ, ನನ್ನ ಮೇಲಿದೆ.

"ಏಯ್ ವಾಲಗದೋರೇ! ಗಟ್ಟಿಮೇಳ!"

ಮದುಮಗ ತಾಳಿ ಹಿಡಿದುಕೊಂಡು ನಿಂತಿದ್ದ. ಹತ್ತು ಜನ ತಿರುಗಿ ನಮ್ಮ ಕಡೆ ನೋಡಿದರು. ಮುಹೂರ್ತ ತಪ್ಪಿಸದ ಡೋಲು ಅಂತ ಹೆಸರಾದವನು ಕೋಲು ಎತ್ತಿಕೊಂಡು ಕೂತಿದ್ದಾನೆ, ಹಣೆಯಲ್ಲಿ ಬೆವರು. ಮುಗಿಸಿ ಭಾವ ಅಂತ ಸಣ್ಣಗೆ ತಲೆ ಆಡಿಸಿದ. ನನ್ನ ಹತ್ತಿರ ಇದ್ದದ್ದು ಒಂದು ಉಸಿರು. ಅದರಲ್ಲೇ ಅವಸರವಿಲ್ಲದೆ ಇಳಿದು ಷಡ್ಜಕ್ಕೆ ಬಂದು ಸೇರಿದೆ. ಆಮೇಲೆ ರೇವಣ್ಣ ಹೊಡೆದ.